ಎಲ್ಲರಿಗೂ ಒಪ್ಪಿಗೆಯಾಗಿದ್ದ ಅಭ್ಯರ್ಥಿ

ನನ್ನ ತಂದೆ ಶಹಾಪುರದಲ್ಲಿ ವಕೀಲರಾಗಿದ್ದರು. ನಿಜಾಮನ ಕಡೆಯ ರಜಾಕಾರರಿಂದ ಮನೆ ಸುಟ್ಟುಹೋದವರ ಪರವಾಗಿ ವಾದಿಸಿದಂತೆಯೇ, ಪೊಲೀಸ್ ಕಾರ್ಯಾಚರಣೆಯ ನಂತರ ತಪ್ಪಿಲ್ಲದೆ ಜೈಲು ಸೇರಿದ ಮುಸಲ್ಮಾನರ ಪರವಾಗಿಯೂ ವಾದಿಸಿದ್ದರು. ಹೈದರಾಬಾದು ಸಂಸ್ಥಾನ ಭಾರತಕ್ಕೆ ಸೇರಿ, ಲೋಕಸಭೆಗೆ ಮೊದಲ ಚುನಾವಣೆ ಬಂದಾಗ ಯಾದಗಿರಿಯಿಂದ ಪಕ್ಷದ ಹಿರಿಯರು ನಮ್ಮ ಮನೆಗೆ ಬಂದರು. ಬೆಂಕಿಯಂಥ ಭಾಷಣ ಮಾಡುವವರು ಪಕ್ಷದಲ್ಲಿ ಬೇಕಾದಷ್ಟಿದ್ದರು. ಅಂಥವರನ್ನು ನಿಲ್ಲಿಸಿದರೆ ಅರ್ಧ ಜನ ದೂರ ಸರಿಯುತ್ತಾರೆಂಬ ಹೆದರಿಕೆ ಹಿರಿಯರಿಗೆ.

“ನಡುವಿನ ಮನುಷ್ಯಾನೇ ಗೆಲ್ತಾನ್ರಿ, ವಕೀಲ್ರ,” ಎಂದರು.

ಅಪ್ಪ ನಂಬಿ ಚುನಾವಣೆಗೆ ನಿಂತರು. ನಾನೂ ನಂಬಿದೆ. ಹೆಂಗಸರೊಡನೆ ಮಾತಾಡಲೆಂದು ಅವರ ಜೊತೆ ಹೊರಟೆ.

ಸುರಪುರದ ಕಡೆಯ ಒಂದು ಹಳ್ಳಿಯಲ್ಲಿ ಗೌಡರು ತಮ್ಮ ಜಮೀನು ಉಳಿಯುತ್ತದೆಯೇ ಎಂದು ಕೇಳಿದರು. ಕಾನೂನು ಹೇಳಿದಷ್ಟು ಬಿಡಬೇಕಾಗುತ್ತದೆ, ದರೋಡೆಗೆ ಅವಕಾಶ ಕೊಡುವುದಿಲ್ಲ ಎಂದರು ಅಪ್ಪ. ಗೌಡರು ಮುಖ ಗಂಟಿಕ್ಕಿದರು. ಅದೇ ಮಾತನ್ನು ಸಂಜೆ ಕುರಿಗಾರರ ಓಣಿಯಲ್ಲೂ ಹೇಳಿದರು. ಅಲ್ಲಿ ಗೇಣಿಗೆ ಹೊಲ ಮಾಡುತ್ತಿದ್ದ ಮುದುಕನೊಬ್ಬನ ಮೊಕದ್ದಮೆಯನ್ನು ಅಪ್ಪ ಹಿಂದೆ ಗೆಲ್ಲಿಸಿಕೊಟ್ಟಿದ್ದರು.

“ನೀವು ಛಲೋ ಮನುಷ್ಯಾ ಅದೀರಿ,” ಎಂದ ಅವನು. “ಆದ್ರ ನೀವು ಯಾರ ಕಡಿಯವ್ರು ಅಂತ ನನಗ ತಿಳಿವಲ್ದು.”

“ಇಬ್ರದೂ ಕೇಳಬೇಕಾಗ್ತದೋ ಯಪ್ಪಾ.”

ಮುದುಕ ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದ. ಅವನ ಹಿಂದೆ ಉಳಿದವರೂ ಎದ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ನನಗನ್ನಿಸಿತು.

ಶಹಾಪುರದಲ್ಲೇ ಪಕ್ಕದ ಓಣಿಯ ಮುಸಲ್ಮಾನ ವಿಧವೆಯೊಬ್ಬಳ ತಮ್ಮನನ್ನು ಜೈಲಿನಿಂದ ಬಿಡಿಸಿದ್ದವರು ಅಪ್ಪನೇ. ಅವಳು ನನ್ನನ್ನು ಒಳಗೆ ಕರೆದು, ಆ ಉಪಕಾರ ಸಾಯುವತನಕ ಮರೆಯುವುದಿಲ್ಲ ಎಂದಳು. ಆದರೆ ಮನೆಯವರಾರೂ ವೋಟಿಗೆ ಹೋಗುವುದಿಲ್ಲವಂತೆ. ಯಾರ ಕಣ್ಣಿಗೂ ಬೀಳದೆ ಬದುಕಿದರೆ ಸಾಕಾಗಿದೆ ಎಂದಳು. ಇದನ್ನು ನಾನು ಅಪ್ಪನಿಗೆ ಹೇಳಲಿಲ್ಲ.

ಆಗ ಪ್ರತಿ ಮತಗಟ್ಟೆಯಲ್ಲೂ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಎಣಿಕೆಯ ದಿನ ಅಪ್ಪನ ಪೆಟ್ಟಿಗೆಗಳ ಕೆಲಸ ಬೇಗ ಮುಗಿಯಿತು. ಗೆದ್ದವನು ಊರೂರಿಗೆ ಹೋಗಿ ಹಳೆಯ ಸೇಡು ತೀರಿಸುವ ಮಾತಾಡಿದವನು. ಪಕ್ಷದ ಹಿರಿಯರು ನಮ್ಮ ಮನೆ ಕಡೆ ಬರಲಿಲ್ಲ. ಮುಂದಿನ ಚುನಾವಣೆಗೆ ಅವನನ್ನೇ ತಮ್ಮ ಪಕ್ಷಕ್ಕೆ ಕರೆದುಕೊಂಡು ನಿಲ್ಲಿಸಿದರು.

ಆ ಸಲ ಮತದಾನದ ದಿನ ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದರು. ಹೋಗೋಣವೇ ಎಂದು ಕೇಳಿದೆ.

“ನೀ ಹೋಗವ್ವಾ. ನನಗ ಯಾರ ಮ್ಯಾಲೂ ಸಿಟ್ಟಿಲ್ಲ. ಈಗ ಸಿಟ್ಟಿದ್ದವ್ರೇ ವೋಟ್ ಹಾಕ್ತಾರ, ನಾ ಹೋಗಿ ಏನ್ ಮಾಡ್ಲಿ?”

ನಾನು ಹೋದೆ. ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತೆ. ನನ್ನ ಸರದಿ ಬರುವ ಮೊದಲೇ ಮನೆಗೆ ತಿರುಗಿದೆ.