ಬರೀ ಹಾಲಿನ ಶುಂಠಿ ಚಹಾ

ಅಡುಗೆಯಲ್ಲಿ ನಮ್ಮತ್ತೆಗೆ ಜಗಳೂರಿನಲ್ಲಿ ಯಾರೂ ಸಮನಿಲ್ಲ ಎನ್ನುತ್ತಿದ್ದರು. ಇರಬಹುದು. ಶುಂಠಿ ಚಹಾ ಮಾತ್ರ ಆ ಪುಣ್ಯಾತಗಿತ್ತಿಗೆ ಬರುತ್ತಿರಲಿಲ್ಲ. ಮನೆಮಂದಿಗಾದರೆ ನೀರಿನಲ್ಲಿ ಶುಂಠಿ ಕುದಿಸಿ ಆಮೇಲೆ ಹಾಲು ಹಾಕುತ್ತಿದ್ದರು. ಅದು ಚೆನ್ನಾಗಿಯೇ ಇರುತ್ತಿತ್ತು. ನೆಂಟರು ಬಂದರೋ, ಮುಗಿಯಿತು ಕಥೆ. ನೀರು ಬೆರೆಸಿದ ಚಹಾ ಕೊಟ್ಟರೆ ಮನೆಯ ಮರ್ಯಾದೆ ಏನಾಗಬೇಕು! ಬರೀ ಹಾಲು ಒಲೆಗಿಟ್ಟು, ಅದು ಕುದಿಯುವ ಮೊದಲೇ ಜಜ್ಜಿದ ಹಸಿ ಶುಂಠಿ ಹಾಕಿಬಿಡುವುದು. ಒಡೆಯದೆ ಇನ್ನೇನಾದೀತು? ಒಡೆದ ಮೇಲೆ, "ಯಾರ ಕಣ್ಣು ಬಿತ್ತೋ" ಎಂದು ನಿಟ್ಟುಸಿರು ಬೇರೆ.

ಶುಂಠಿಯನ್ನು ಮೊದಲು ನೀರಿನಲ್ಲಿ ಕುದಿಸಿರಿ, ನನ್ನ ತವರು ನ್ಯಾಮತಿಯಲ್ಲಿ ನೆಂಟರಿಗೂ ಹಾಗೇ ಮಾಡುವುದು ಎಂದು ಒಂದೆರಡು ಸಲ ಹೇಳಿ ನೋಡಿದೆ. "ನಿನ್ನ ನ್ಯಾಮತಿ ಶಾಸ್ತ್ರ ನ್ಯಾಮತಿಗೇ ಇರ್ಲಿ. ನನಗೆ ಚಾ ಕಾಸಾಕೆ ಕಲಿಸ್ಬ್ಯಾಡ" ಎಂದರು. ಹೊಸ ಸೊಸೆ, ಬಾಯಿ ಮುಚ್ಚಿಕೊಂಡೆ.

ಪೆಟ್ರೋಲು ಸಿಗದ ಯುದ್ಧದ ಕಾಲ. ಒಂದು ಸಂಜೆ ನ್ಯಾಮತಿಯಿಂದ ನಮ್ಮಣ್ಣ ಬಂದ. ಅವ್ವನ ಜ್ವರ ಇಳಿಯುತ್ತಿಲ್ಲ, ನನ್ನ ಹೆಸರು ಹಿಡಿದು ಕರೆಯುತ್ತಿದ್ದಾಳೆ ಎಂದ. ಬೆಳಿಗ್ಗೆ ಇದ್ದಲಿನಿಂದ ಓಡುವ ಬಸ್ಸಿಗೆ ಹೊರಡಲು ಅತ್ತೆ ಒಪ್ಪಿದರು. ಬೆಳಿಗ್ಗೆ ನಾನು ಗಂಟು ಕಟ್ಟಿಕೊಂಡು ಬಂದು ನೋಡಿದರೆ, ಒಲೆಯ ಮೇಲೆ ಬರೀ ಹಾಲು! ಸೊಸೆಯ ಅಣ್ಣನಿಗೆ ಮರ್ಯಾದೆ ಆಗಬೇಕಲ್ಲ. ಶುಂಠಿ ಆಗಲೇ ಬಿದ್ದಿತ್ತು. ನೋಡುತ್ತಿದ್ದಂತೆಯೇ ಹಾಲು ಒಡೆದು ನೀರು ಬೇರೆ, ಗಟ್ಟಿ ಬೇರೆ ಆಯಿತು.

ಅತ್ತೆಯ ಮುಖ ಬಿಳಿಚಿಕೊಂಡಿತು. "ಹೊರಡೋ ಹೊತ್ನಾಗೆ ಹಾಲು ಒಡೀತು. ಇವತ್ತು ಹೋಗಾಕೆ ಆಗಲ್ಲ. ನಾಳೆ ನೋಡಾನ."

ನನಗೆ ಮೈಯೆಲ್ಲ ಉರಿದುಹೋಯಿತು. ಅಣ್ಣ ನೆಲ ನೋಡುತ್ತ ಕೂತ. ಹೆಣ್ಣು ಕೊಟ್ಟ ಮನೆಯಲ್ಲಿ ಅವನೇನು ಮಾತಾಡಿಯಾನು!

"ಶಕುನಾನೂ ಇಲ್ಲ, ಮಣ್ಣೂ ಇಲ್ಲ!" ಎಂದು ಕಿರುಚಿದೆ. "ಹಸಿ ಶುಂಠಿಗೆ ಹಾಲು ಒಡೀತೈತ್ರಿ ಅತ್ತೆ! ಬೇಕಾದ್ರೆ ಇನ್ನೊಂದು ಲೋಟ ಹಾಲಿಟ್ಟು ನೋಡ್ರಿ. ಅಲ್ಲಿ ನಮ್ಮವ್ವ ಸಾಯಾಕೆ ಬಿದ್ದಾಳೆ, ಇಲ್ಲಿ ನಿಮಗೆ ಚಾದ ಮರ್ಯಾದೆ!"

ಕೆನ್ನೆಗೆ ಬೀಳುತ್ತದೆ ಎಂದುಕೊಂಡೆ. ಅತ್ತೆ ಇನ್ನೊಂದು ಪಾತ್ರೆಯಲ್ಲಿ ಹಾಲಿಟ್ಟರು, ಶುಂಠಿ ಹಾಕಿದರು, ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಅದೂ ಒಡೆಯಿತು.

"ಶುಂಠಿಗೇ ಒಡೀತೈತಾ?" ಎಂದರು.

"ಹೂಂನ್ರಿ. ಎಷ್ಟು ಸಲ ಹೇಳ್ಬೇಕು?"

"ಅವ್ವಗೆ ಹುಷಾರಿಲ್ಲ ಅಂತ ಹಿಂದೊಮ್ಮೆ ನನ್ನೂ ಕರೆಯಾಕೆ ನಮ್ಮಣ್ಣ ಬಂದಿದ್ದ. ಅವನಿಗೆ ಕೆಮ್ಮು ಅಂತ ಹಾಲಿಗೆ ಶುಂಠಿ ಹಾಕಿದ್ದೆ. ಒಡೀತು. ಹೋಗ್ಬ್ಯಾಡ ಅಂದ್ರು, ನಿಂತೆ. ಮಾರನೇ ದಿನ ಸುದ್ದಿ ಬಂತು, ಅವ್ವ ಹೋದ್ಲು ಅಂತ."

ಅತ್ತೆ ಎದ್ದು ನನ್ನ ಗಂಟನ್ನು ತಾವೇ ತಂದು ಅಣ್ಣನ ಕೈಗೆ ಕೊಟ್ಟರು. "ಏಳಪ್ಪ, ಕರ್ಕಂಡು ಹೋಗು. ಬಸ್ ತಪ್ಪೀತು."

ಕತ್ತಲಾಗುವ ಮೊದಲೇ ನ್ಯಾಮತಿ ಮುಟ್ಟಿದೆವು. ಅವ್ವ ಇನ್ನೂ ಇದ್ದಳು.