ಎತ್ತಿ ಕುಡಿದ ಚಹಾ

ಮಕ್ಕಳೇ, ನಾನು ಚಿಕ್ಕವನಿದ್ದಾಗ, ಕೊಚ್ಚಿಯಲ್ಲಿ, ಅಪ್ಪ ನನ್ನನ್ನು ಒಂದು ದಿನ ತಮ್ಮ ಕೆಲಸದ ಜಾಗಕ್ಕೆ ಕರೆದೊಯ್ದರು. ವಿಲ್ಲಿಂಗ್ಡನ್ ಐಲ್ಯಾಂಡಿನ ಚಹಾ ಕಂಪನಿಯೊಂದರಲ್ಲಿ ಅವರು ಗುಮಾಸ್ತರು. ಅಲ್ಲಿ ಚಹಾದ ರುಚಿ ನೋಡಿ ದರ್ಜೆ ಹೇಳುವವರಿದ್ದರು. ಅವರಂತಾಗಬೇಕೆಂಬುದು ನನ್ನ ಏಕೈಕ ಆಸೆ. ಕಣ್ಣು ಮುಚ್ಚಿ ಮೂಸಿ, ಯಾವ ಡಬ್ಬಿಯ ಪುಡಿಯೆಂದು ನಾನು ಹೇಳಿದರೆ ಅಕ್ಕ ಬೆರಗಾಗುತ್ತಿದ್ದಳು. ಹುಡುಗ ಒಂದು ದಿನ ಜೊತೆಗಿರಲಿ, ಹಿಡಿಸಿದರೆ ಮುಂದೆ ಕೆಲಸ ಕಲಿಸೋಣವೆಂದು ರುಚಿ ನೋಡುವವರ ಮುಖ್ಯಸ್ಥರು ಒಪ್ಪಿದ್ದರು. ಅವರೂ ನಮ್ಮ ಮಂಗಳೂರು ಕಡೆಯವರೇ.

ಕೋಣೆಯ ತುಂಬ ಒಗರು ಪರಿಮಳ. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟಲುಗಳ ಸಾಲು, ಒಂದೊಂದರಲ್ಲೂ ಕೆಂಪಗೆ ಹೊಳೆಯುವ ಚಹಾ. ಮುಖ್ಯಸ್ಥರು ಚಮಚ ಅದ್ದಿ, ಸುರ್ರೆಂದು ಹೀರಿ, ಪೀಕದಾನಿಗೆ ಉಗುಳಿ, ಅದೇ ಚಮಚವನ್ನು ಮುಂದಿನ ಬಟ್ಟಲಿಗೆ ಅದ್ದುತ್ತಿದ್ದರು. ಕೊನೆಗೆ ಒಂದು ಬಟ್ಟಲನ್ನು ನನ್ನತ್ತ ಸರಿಸಿ, "ಈಗ ನೀನು ನೋಡು" ಎಂದರು. ನನಗೆ ಚಮಚ ಕೊಡಲಿಲ್ಲ. ಇದನ್ನು ನಾನು ಮರೆತಿಲ್ಲ.

ಪಾತ್ರೆಗೆ ತುಟಿ ತಾಗಿದರೆ ಎಂಜಲು, ಏನನ್ನಾದರೂ ಎತ್ತಿಯೇ ಕುಡಿಯಬೇಕು ಎಂದು ಕಲಿಸಿದವರು ಅಪ್ಪ. ನಾನು ತಲೆಯೆತ್ತಿ, ಬಟ್ಟಲನ್ನು ಮೇಲೆ ಹಿಡಿದು ಬಾಯಿಗೆ ಸುರಿದುಕೊಂಡೆ. ಬಿಸಿಗೆ ಬಟ್ಟಲು ವಾಲಿ, ಚಹಾ ಪಕ್ಕದ ಬಟ್ಟಲುಗಳಿಗೂ ಚೆಲ್ಲಿತು.

"ಎಂತ ಭಟ್ರೇ, ನಿಮ್ಮ ಮಗ ತೀರ್ಥ ತಕೊಳ್ಳುದಾ? ದೇವಸ್ಥಾನಕ್ಕೆ ಸೇರಿಸಿ ಮಾರಾಯ್ರೆ, ಇಲ್ಲಿಗೆ ಆಗ್ಲಿಕ್ಕಿಲ್ಲ!" ಎಂದರು ಮುಖ್ಯಸ್ಥರು ಅಪ್ಪನಿಗೆ.

ಕೋಣೆಯೆಲ್ಲ ನಕ್ಕಿತು. ಅಪ್ಪನೂ ನಕ್ಕರು. "ಹೌದು ಸಾರ್, ಶುದ್ಧ ಪೆದ್ದ" ಎಂದರು.

ಆ ಚಹಾಕ್ಕೆ ತುಸು ಹೊಗೆಯ ವಾಸನೆ ಹಿಡಿದಿತ್ತು. ನಾಲಿಗೆಗೆ ಅದು ತಿಳಿದಿತ್ತು. ಆದರೆ ಯಾರೂ ಕೇಳಲಿಲ್ಲ. ಮರಳುವಾಗ ದೋಣಿಯಲ್ಲಿ ಅಪ್ಪ ನೀರನ್ನೇ ನೋಡುತ್ತ ಕುಳಿತರು. ಮತ್ತೆಂದೂ ನನ್ನನ್ನು ಅಲ್ಲಿಗೆ ಕರೆದೊಯ್ಯಲಿಲ್ಲ. ನಾನು ನಿವೃತ್ತನಾಗುವವರೆಗೂ ಯಾರದೋ ಕಚೇರಿಯಲ್ಲಿ ಕಡತ ಜೋಡಿಸಿದೆ.

ಮಕ್ಕಳೇ, ಈಗ ತಿರುವನಂತಪುರದಲ್ಲಿ ನಿಮ್ಮ ಶಾಲೆಯವರೇ ನಿಮ್ಮನ್ನು ಕೆಲಸದವರ ಜೊತೆ ದಿನವಿಡೀ ಇದ್ದು ನೋಡಲು ಕಳುಹಿಸುತ್ತಾರೆ. ಮೊನ್ನೆ ನನ್ನ ಮೊಮ್ಮಗಳು ಪಶುವೈದ್ಯರ ಬಳಿ ಹೋಗಿ, ಔಷಧಿಯ ತಟ್ಟೆ ಬೀಳಿಸಿ ಬಂದಳು. ವೈದ್ಯರು ಬೈಯಲಿಲ್ಲವಂತೆ. "ಸಾರಮಿಲ್ಲ ಮೋಳೇ, ನಾಳೆ ವಾ" ಎಂದರಂತೆ: ಪರವಾಗಿಲ್ಲ ಮಗಳೇ, ನಾಳೆ ಬಾ.

"ಹಾಗಾದರೆ ನಾಳೆ ಎಷ್ಟು ಹೊತ್ತಿಗೆ ಹೋಗಬೇಕು?" ಎಂದು ಕೇಳಿದೆ.

"ಞಾನ್ ಪೋಣಿಲ್ಲ ಅಜ್ಜಾ, ಬೋರ್" ಎಂದಳು, ಮೊಬೈಲಿನಿಂದ ಕಣ್ಣೆತ್ತದೆ.

ಅವಳು ಹೋಗುವುದಿಲ್ಲವಂತೆ. ನಾನು ಬದುಕಿಡೀ ಕಾದ 'ನಾಳೆ' ಅದು.