ಬಂಡೆಯ ಮೇಲೆ ಅನಿತ್ಯಧ್ಯಾನ

ಕಳೆದ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಾನು ನಂಜನಗೂಡಿನ ಸ್ನಾನಘಟ್ಟದಲ್ಲಿ, ನೀರಿಗೆ ತಾಗಿದ ಮೆಟ್ಟಿಲ ಮೇಲೆ, ಹೆಂಡತಿಯ ಚಪ್ಪಲಿ ಹಿಡಿದು ನಿಂತಿದ್ದೆ. ಅವಳು ಕೂಗಳತೆಯ ದೂರದಲ್ಲಿ, ಕಪಿಲೆಯ ನಡುವಿನ ಬಂಡೆಯ ಮೇಲೆ, ಏಳೆಂಟು ಜನರೊಂದಿಗೆ ಕಣ್ಣು ಮುಚ್ಚಿ ಕುಳಿತಿದ್ದಳು. ಆಗ ನೀರು ಮಂಡಿಯವರೆಗಷ್ಟೇ ಇತ್ತು.

ಬುದ್ಧ ಹೇಳಿದ ಅನಿತ್ಯವನ್ನು ಹರಿಯುವ ನೀರಿನ ನಡುವೆಯೇ ಅರಿಯಬೇಕೆಂಬುದು ಮೈಸೂರಿನಿಂದ ಕಾರಿನಲ್ಲಿ ಬರುತ್ತಿದ್ದ ಧ್ಯಾನದ ಗುರುಗಳ ಏರ್ಪಾಟು. ಏನೇ ಕೇಳಿಸಿದರೂ ‘ಶಬ್ದ, ಶಬ್ದ’ ಎಂದು ಮನಸ್ಸಿನಲ್ಲೇ ಗುರುತಿಸಿ ಬಿಟ್ಟುಬಿಡಬೇಕು. ಕೈಗಂಟೆ ಬಾರಿಸುವವರೆಗೆ ಏಳಬಾರದು. ಗುರುಗಳು ದಿಂಬು ಹಾಕಿಕೊಂಡು ಕೂತದ್ದು ಎಲ್ಲರ ಹಿಂದೆ, ದಡಕ್ಕೆ ಹತ್ತಿರ. ಗಂಟೆ ಅವರ ಮಡಿಲಲ್ಲಿತ್ತು.

ದಡದ ರಸ್ತೆಯಲ್ಲಿ ಆಟೋವೊಂದು ಮೈಕಿನಲ್ಲಿ ಸಾರುತ್ತ ಬಂತು: “ಕಬಿನಿ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ಯಾರೂ ನದಿಗೆ ಇಳಿಯಬಾರದು.”

“ಇದೂ ಒಂದು ಶಬ್ದ. ಬಂತು, ಹೋಗುತ್ತೆ,” ಎಂದರು ಗುರುಗಳು.

ಆಟೋ ಹೋಯಿತು. ನೀರು ಬಂತು.

ಮೊದಲು ಗಮನಿಸಿದವನು ನನ್ನ ಪಕ್ಕದ ಮೆಟ್ಟಿಲಲ್ಲಿ ರೈತನೊಬ್ಬನ ಮುಡಿ ತೆಗೆಯುತ್ತಿದ್ದ ಕ್ಷೌರಿಕ. “ಸಾ, ನೀರು ಏರ್ತಾ ಅದೆ ಕಣ್ ಸಾ! ಅಮ್ಮಾವ್ರನ್ನ ಕೂಗಿ!” ಮದುವೆಯಾದ ಮೇಲೆ ಎಂದೂ ಕೂಗದಷ್ಟು ಜೋರಾಗಿ ಕೂಗಿದೆ. ಅವಳ ಬೆನ್ನು ಒಂದಿಷ್ಟೂ ಕದಲಲಿಲ್ಲ.

ಆಮೇಲಿನದನ್ನು ಕಂಡಷ್ಟೇ ಬರೆಯುತ್ತೇನೆ. ನೀರು ಗುರುಗಳ ಪಂಚೆಗೆ ತಾಗಿತು. ಕತ್ತು ಹೊರಳಿಸಿದರು; ಕಣ್ಣು ತೆರೆದಿತ್ತು. ನೀರನ್ನು ನೋಡಿದರು, ಮುಂದೆ ಕುಳಿತವರ ಬೆನ್ನುಗಳನ್ನು ನೋಡಿದರು. ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು, ಗಂಟೆಯ ನಾಲಗೆ ಅಲುಗದಂತೆ ಬೆರಳಿನಲ್ಲಿ ಹಿಡಿದು, ದಡಕ್ಕೆ ನಡೆದು ಬಂದರು. ಮೌನ ಮುರಿಯಲಿಲ್ಲ. ಅಷ್ಟು ಎಚ್ಚರದಿಂದ ಹೆಜ್ಜೆಯಿಟ್ಟವರನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಅರ್ಧ ತಲೆ ಬೋಳಾಗಿದ್ದ ರೈತ ದಡಕ್ಕನೆ ಎದ್ದ. “ಕತ್ತಿ ಅತ್ತಾಗ್ ಇಡ್ಕೊಳ್ಳೋ, ಸತ್ತೋಯ್ತಾರೆ ಕಣ್ಲಾ ಅವ್ರು!” ಎನ್ನುತ್ತ ನೀರಿಗೆ ಬಿದ್ದ. ನಾನೂ ಇಳಿದೆ. ಎದೆಮಟ್ಟದ ನೀರಿನಲ್ಲಿ ಒಬ್ಬರಿಗೊಬ್ಬರ ಕೈ ಹಿಡಿಸಿ ಎಲ್ಲರನ್ನೂ ಎಳೆದು ತಂದೆವು.

“ನಿಮ್ ದನೀನೇ ಅಂತ ಗೊತ್ತಾಯ್ತು ಕಣ್ರೀ,” ಎಂದಳು ಹೆಂಡತಿ, ನಡುಗುತ್ತ. “ಮನೇಲಿ ದಿನಾ ಅಭ್ಯಾಸ ಇದ್ಯಲ್ಲ, ಶಬ್ದ ಅಂತ ಬಿಟ್ಬಿಟ್ಟೆ.”

ಗುರುಗಳು ದಿಂಬು ಹಿಂಡುತ್ತಿದ್ದರು. “ಗಂಟೆ ಬಾರಿಸಿದೆ. ನೀರಿನ ಸದ್ದಿಗೆ ನಿಮಗೆ ಕೇಳಿಸಲಿಲ್ಲ,” ಎಂದರು. ಎಲ್ಲರೂ ಕೈಮುಗಿದರು.

ಮುಂದಿನ ಶಿಬಿರ ತಿ. ನರಸೀಪುರದಲ್ಲಿ, ಸಂಗಮದ ಮರಳಿನ ಮೇಲಂತೆ. ಹೆಂಡತಿ ಹೊರಟು ನಿಂತಿದ್ದಾಳೆ. ಕಂಡದ್ದನ್ನು ಹೇಳಿದರೆ, ಗುರುಗಳ ಬಗ್ಗೆ ನನ್ನದು ಹೊಟ್ಟೆಕಿಚ್ಚು ಎನ್ನುತ್ತಾಳೆ. ಬಂಡೆಯ ಮೇಲಿದ್ದವರೆಲ್ಲ ಕಣ್ಣು ಮುಚ್ಚಿದ್ದವರು, ಅವರನ್ನು ಕೇಳಿ ಫಲವಿಲ್ಲ. ನನ್ನನ್ನು ಬಿಟ್ಟರೆ ಕಣ್ಣಾರೆ ಕಂಡು ಇಂದಿಗೂ ಬದುಕಿರುವವರು ಮೂವರು: ಆ ಕ್ಷೌರಿಕ, ಚಿಕ್ಕಯ್ಯನಛತ್ರದ ಆ ರೈತ, ಮತ್ತು ಗುರುಗಳು.